‘ಜನರಿಗೆ’ಯೊಳಗಿನ ನರಿ: ಹಾಲಿನ ಪ್ರೋಟೀನ್ ಕತ್ತರಿಸಿದರೆ ಏನು ಸಿಗುತ್ತದೆ?

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಗೀಚಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಾಲಿನ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಕನ್ನಡ ಪಾಠದಿಂದ ಶುರು ಮಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಬೋರ್ಡಿನ ಮೇಲೆ ‘ಜನರಿಗೆ’ ಎಂದು ಬರೆದಿದ್ದೇನೆ. ನಾಲ್ಕೇ ಅಕ್ಷರ. ಜ, ನ, ರಿ, ಗೆ. ದಿನಾ ಬಳಸುವ ಸಾಧು ಪದ. ಈಗ ಕತ್ತರಿ ತೆಗೆದುಕೊಂಡು ಮೊದಲ ಅಕ್ಷರ ಕತ್ತರಿಸಿ. ಕೊನೆಯದನ್ನೂ ಕತ್ತರಿಸಿ. ಏನು ಉಳಿಯಿತು? ನರಿ!

ಈ ನರಿ ಎಲ್ಲಿಂದ ಬಂತು? ನಾವು ಹೊರಗಿನಿಂದ ಏನೂ ಸೇರಿಸಲಿಲ್ಲ. ಅದು ಮೊದಲಿಂದಲೂ ಅಲ್ಲೇ ಇತ್ತು. ಪದ ಇಡಿಯಾಗಿದ್ದಾಗ ನಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಇನ್ನೊಂದು ವಿಷಯ ನೋಡಿ. ಕತ್ತರಿಯನ್ನು ಸರಿಯಾಗಿ ನಡುಮಧ್ಯ ಹಾಕಿದ್ದರೆ ‘ಜನ’ ಸಿಗುತ್ತಿತ್ತು. ನರಿ ಎರಡು ತುಂಡಾಗಿ ಅಲ್ಲೇ ಸಾಯುತ್ತಿತ್ತು. ಪದ ಅದೇ, ಕತ್ತರಿಯೂ ಅದೇ. ಬಿದ್ದ ಜಾಗ ಮಾತ್ರ ಬೇರೆ. ಈ ನರಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಇದು ಮೂರ್ನಾಲ್ಕು ಸಲ ಬರುತ್ತದೆ.

ಪ್ರೋಟೀನ್ ಅಂದರೆ ಇಂಥದ್ದೇ ಒಂದು ಉದ್ದನೆಯ ಪದ. ಅದರ ಅಕ್ಷರಗಳಿಗೆ ಅಮೈನೋ ಆಮ್ಲ ಎಂದು ಹೆಸರು. ಒಟ್ಟು 20 ಬಗೆ. ನಮ್ಮ ವರ್ಣಮಾಲೆಗಿಂತ ಕಮ್ಮಿಯೇ. ಆದರೆ ಪದಗಳು ಮಾತ್ರ ಸಿಕ್ಕಾಪಟ್ಟೆ ಉದ್ದ. ಹಸುವಿನ ಹಾಲಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಪ್ರೋಟೀನ್ ಆಲ್ಫಾ-ಎಸ್1 ಕೇಸಿನ್. ಅದರಲ್ಲಿ 199 ಅಕ್ಷರ. ಬೀಟಾ ಕೇಸಿನ್‌ನಲ್ಲಿ 209. ಕಪ್ಪಾ ಕೇಸಿನ್‌ನಲ್ಲಿ 169. ಲ್ಯಾಕ್ಟೊಫೆರಿನ್ ಎಂಬ ಇನ್ನೊಂದರಲ್ಲಿ 689. ಇಂಥ ಉದ್ದನೆಯ ಸರದಿಂದ ಕತ್ತರಿಸಿದ ಚಿಕ್ಕ ತುಂಡಿಗೆ ಪೆಪ್ಟೈಡ್ ಎನ್ನುತ್ತಾರೆ. ಕತ್ತರಿಸುವ ಕತ್ತರಿಗೆ ಕಿಣ್ವ, ಅಂದರೆ ಎನ್‌ಜೈಮ್. ಹೊಟ್ಟೆಯಲ್ಲಿರುವುದು ಪೆಪ್ಸಿನ್. ಸಣ್ಣ ಕರುಳಿನಲ್ಲಿರುವುದು ಟ್ರಿಪ್ಸಿನ್. ಹಾಲು ಕುಡಿಯುವ ಎಳೆಗರುವಿನ ನಾಲ್ಕನೇ ಹೊಟ್ಟೆಯಲ್ಲಿ ಇರುವುದು ಕೈಮೋಸಿನ್. ಚೀಸ್ ಮಾಡುವಾಗ ಹಾಲು ಒಡೆಯಲು ಬಳಸುತ್ತಾರಲ್ಲ, ಅದೇ.

ಇವತ್ತಿನ ವಿಷಯ ಇಷ್ಟೇ. ಹಾಲಿನ ಪ್ರೋಟೀನ್‌ಗಳು ಇಡಿಯಾಗಿದ್ದಾಗ ‘ಜನರಿಗೆ’ ಥರ ಸಾಧು. ಕರುವಿಗೆ, ಮಗುವಿಗೆ ಊಟ. ಕಿಣ್ವ ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಕೆಲವು ತುಂಡುಗಳು ಬ್ಯಾಕ್ಟೀರಿಯಾಗಳ ಮೇಲೆ ಹಾರಿ ಬೀಳುತ್ತವೆ.

ಇದು ನಿನ್ನೆ ಮೊನ್ನೆ ಹೊಳೆದ ವಿಷಯ ಅಲ್ಲ. 1930ರಲ್ಲೇ ಅಮೆರಿಕದ ಜೋನ್ಸ್ ಮತ್ತು ಸಿಮ್ಸ್ ಎಂಬ ಇಬ್ಬರು, ಹಾಲಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಏನೋ ಇದೆ ಎಂದು ಬರೆದರು. ಅದಕ್ಕೆ ಲ್ಯಾಕ್ಟೆನಿನ್ ಎಂದು ಹೆಸರಿಟ್ಟರು. ಅದು ಏನು ಎಂದು ಬಿಡಿಸಿ ಹೇಳುವ ಸಲಕರಣೆ ಆ ಕಾಲದಲ್ಲಿ ಇರಲಿಲ್ಲ. ಆಮೇಲೆ ಪೆನಿಸಿಲಿನ್ ಬಂತು. ಹಾಲಿನೊಳಗಿನ ಮದ್ದು ಯಾರಿಗೆ ಬೇಕು? ವಿಷಯ ಮೂಲೆಗೆ ಸರಿಯಿತು.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಲ್ಯಾಕ್ಟೊಫೆರಿನ್ ಕಥೆ.

1939ರಲ್ಲಿ ಡೆನ್ಮಾರ್ಕಿನಲ್ಲಿ ಹಾಲಿನಿಂದ ಒಂದು ‘ಕೆಂಪು ಪ್ರೋಟೀನ್’ ಬೇರ್ಪಡಿಸಿದರು. ಬಿಳಿ ಹಾಲಿನಲ್ಲಿ ಕೆಂಪು ಎಲ್ಲಿಂದ ಬಂತು? ಕಬ್ಬಿಣದಿಂದ. ಈ ಪ್ರೋಟೀನ್ ಎರಡು ಕೈಯಲ್ಲಿ ಎರಡು ಕಬ್ಬಿಣದ ಅಯಾನು ಹಿಡಿದುಕೊಳ್ಳುತ್ತದೆ. ಅದಕ್ಕೇ ಆ ಬಣ್ಣ. ನಾನು ಮೊದಲ ಸಲ ಇದರ ದ್ರಾವಣ ನೋಡಿದಾಗ ನೀರು ಬೆರೆಸಿದ ದಾಳಿಂಬೆ ರಸ ಅಂದುಕೊಂಡಿದ್ದೆ. 1960ರ ಹೊತ್ತಿಗೆ ಅದನ್ನು ಶುದ್ಧವಾಗಿ ತೆಗೆದು ಲ್ಯಾಕ್ಟೊಫೆರಿನ್ ಎಂದು ಕರೆದರು. ಲ್ಯಾಕ್ಟೊ ಅಂದರೆ ಹಾಲು, ಫೆರಿನ್ ಅಂದರೆ ಕಬ್ಬಿಣದ್ದು.

ಬ್ಯಾಕ್ಟೀರಿಯಾಗೂ ಬದುಕಲು ಕಬ್ಬಿಣ ಬೇಕು. ಸುತ್ತಲಿನ ಕಬ್ಬಿಣವನ್ನೆಲ್ಲ ಲ್ಯಾಕ್ಟೊಫೆರಿನ್ ಬಾಚಿಕೊಂಡರೆ ಅವಕ್ಕೆ ಉಪವಾಸ. ತಾಯಿ ಹಾಲು ಮಗುವನ್ನು ಸೋಂಕಿನಿಂದ ಕಾಯುವುದು ಹೀಗೆ ಎಂದು ಬಹಳ ಕಾಲ ನಂಬಿದ್ದರು. ನಂಬಿಕೆ ತಪ್ಪಲ್ಲ. ಆದರೆ ಪೂರ್ತಿ ಅಲ್ಲ. 1977ರಲ್ಲಿ ಅಮೆರಿಕದಲ್ಲಿ ನಡೆದ ಕೆಲಸದಲ್ಲಿ, ಲ್ಯಾಕ್ಟೊಫೆರಿನ್ ಬ್ಯಾಕ್ಟೀರಿಯಾವನ್ನು ಹಸಿವಿನಿಂದ ಸೊರಗಿಸುವುದಷ್ಟೇ ಅಲ್ಲ, ನೇರವಾಗಿ ಕೊಲ್ಲುತ್ತದೆ ಎಂದು ಗೊತ್ತಾಯಿತು. ಹಸಿವಿನಿಂದ ಸೊರಗಿದ ಬ್ಯಾಕ್ಟೀರಿಯಾ ಊಟ ಕೊಟ್ಟರೆ ಮತ್ತೆ ಎದ್ದು ಕೂರುತ್ತದೆ. ಇಲ್ಲಿ ಹಾಗೆ ಏಳಲಿಲ್ಲ.

ಜಪಾನಿನ ಮೊರಿನಾಗಾ ಎಂಬ ಹಾಲಿನ ಕಂಪನಿಯ ಪ್ರಯೋಗಾಲಯದಲ್ಲಿ ಮಾಮೊರು ತೊಮಿತಾ, ವೇಯ್ನ್ ಬೆಲ್ಲಮಿ ಮತ್ತು ಅವರ ಜೊತೆಗಾರರು ಕೆಲಸ ಮಾಡುತ್ತಿದ್ದರು. ಅಲ್ಲಿ ಏಳುವ ಪ್ರಶ್ನೆ ನಮ್ಮ ಮನೆಯ ಅಜ್ಜಿಯೂ ಕೇಳಬಹುದಾದದ್ದು. ಕುಡಿದ ಹಾಲು ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಪೆಪ್ಸಿನ್ ಕತ್ತರಿ ಹಿಡಿದು ಕೂತಿದೆ. ಲ್ಯಾಕ್ಟೊಫೆರಿನ್ ಚೂರು ಚೂರಾಗುತ್ತದೆ. ಆಮೇಲೆ ಅದರ ಶಕ್ತಿ ಏನು ಉಳಿದೀತು?

ಉಳಿಯುವುದಿಲ್ಲ ಎಂದೇ ಯಾರಾದರೂ ಹೇಳುತ್ತಿದ್ದರು. ತೊಮಿತಾ ಬಳಗದವರು ಪೆಪ್ಸಿನ್ ಹಾಕಿ ಜೀರ್ಣ ಮಾಡಿಸಿ ನೋಡಿದರು. ಉಲ್ಟಾ ಆಯಿತು. ಚೂರಾದ ಲ್ಯಾಕ್ಟೊಫೆರಿನ್ ಇಡಿಯಾದುದಕ್ಕಿಂತ ಜೋರಾಗಿ ಬ್ಯಾಕ್ಟೀರಿಯಾ ಕೊಂದಿತು. 1991ರಲ್ಲಿ ಇದನ್ನು ಪ್ರಕಟಿಸಿದರು. 1992ರಲ್ಲಿ ಆ ಚೂರುಗಳ ರಾಶಿಯಿಂದ ಕೆಲಸ ಮಾಡುವ ಒಂದು ತುಂಡನ್ನು ಹೆಕ್ಕಿ ತೆಗೆದರು. ಹಸುವಿನ ಲ್ಯಾಕ್ಟೊಫೆರಿನ್‌ನ 17ನೇ ಅಕ್ಷರದಿಂದ 41ನೇ ಅಕ್ಷರದವರೆಗಿನ ತುಂಡು. 25 ಅಕ್ಷರ. ಹೆಸರು ಲ್ಯಾಕ್ಟೊಫೆರಿಸಿನ್. ಇನ್ನೂ ಒಂದು ಮಜಾ ಇದೆ. ಈ ತುಂಡಿನಲ್ಲಿ ಕಬ್ಬಿಣ ಹಿಡಿಯುವ ಜಾಗವೇ ಇಲ್ಲ. ಇಷ್ಟು ವರ್ಷ ಎಲ್ಲರೂ ಕಬ್ಬಿಣವನ್ನೇ ನೋಡುತ್ತಾ ಕೂತಿದ್ದರು. ನರಿ ಪದದ ಇನ್ನೊಂದು ತುದಿಯಲ್ಲಿ ಇತ್ತು.

ಮನುಷ್ಯರ ಲ್ಯಾಕ್ಟೊಫೆರಿನ್‌ನಿಂದಲೂ ಇಂಥ ತುಂಡು ಬರುತ್ತದೆ. ಆದರೆ ಪ್ರಯೋಗಾಲಯದಲ್ಲಿ ಹಸುವಿನದೇ ಹೆಚ್ಚು ಜೋರು. ತಾಯಿ ಹಾಲಿನ ಅಭಿಮಾನಿಗಳಿಗೆ ಇದು ಸ್ವಲ್ಪ ಕಸಿವಿಸಿ. ಸಮಾಧಾನಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಹಸುವಿನ ಹಾಲಿನಲ್ಲಿ ಲ್ಯಾಕ್ಟೊಫೆರಿನ್ ಲೀಟರಿಗೆ ಸುಮಾರು 100 ಮಿಲಿಗ್ರಾಂ. ತಾಯಿ ಹಾಲಿನಲ್ಲಿ ಲೀಟರಿಗೆ 1ರಿಂದ 2 ಗ್ರಾಂ. ಅಂದರೆ ಹತ್ತಿಪ್ಪತ್ತು ಪಟ್ಟು. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ ಇನ್ನೂ ಹಲವು ಪಟ್ಟು ಹೆಚ್ಚು.

ಆ 25 ಅಕ್ಷರಗಳಲ್ಲಿ ಅಂಥದ್ದೇನಿದೆ? ಎಂಟು ಅಕ್ಷರಗಳು ಧನ ವಿದ್ಯುತ್ ಇರುವವು, ಅಂದರೆ ಪ್ಲಸ್. ಐದು ಅರ್ಜಿನಿನ್, ಮೂರು ಲೈಸಿನ್. ಮೈನಸ್ ಅಕ್ಷರ ಒಂದೂ ಇಲ್ಲ. ಇಷ್ಟು ಚಿಕ್ಕ ತುಂಡಿಗೆ ಎಂಟು ಪ್ಲಸ್ ಅಂದರೆ ಬಹಳ ಆಯಿತು. ಬ್ಯಾಕ್ಟೀರಿಯಾದ ಹೊರಮೈ ಮೈನಸ್. ನಮ್ಮ ಜೀವಕೋಶದ ಹೊರಮೈ ಹೆಚ್ಚುಕಮ್ಮಿ ತಟಸ್ಥ. ಹಾಗಾಗಿ ಈ ತುಂಡು ನಮ್ಮ ಕೋಶವನ್ನು ಅಷ್ಟಾಗಿ ಮುಟ್ಟದೆ ಬ್ಯಾಕ್ಟೀರಿಯಾಗೆ ಹೋಗಿ ಅಂಟಿಕೊಳ್ಳುತ್ತದೆ. ಯಾರು ಶತ್ರು, ಯಾರು ಮಿತ್ರ ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಅಂಟಿಕೊಂಡರೆ ಸಾಲದು, ಒಳಗೆ ನುಗ್ಗಬೇಕು. ಅದಕ್ಕೆ ಟ್ರಿಪ್ಟೊಫಾನ್ ಎಂಬ ದಪ್ಪನೆಯ, ಎಣ್ಣೆಯ ಸ್ವಭಾವದ ಅಕ್ಷರ ಎರಡಿವೆ. ಬ್ಯಾಕ್ಟೀರಿಯಾದ ಪೊರೆ ಕೊಬ್ಬಿನದು. ಎಣ್ಣೆ ಎಣ್ಣೆಗೆ ಸೇರುತ್ತದೆ. ಟ್ರಿಪ್ಟೊಫಾನ್ ಪೊರೆಯೊಳಗೆ ಹೂತುಕೊಳ್ಳುತ್ತದೆ, ಪೊರೆ ಅಸ್ತವ್ಯಸ್ತವಾಗುತ್ತದೆ. ಈ ಎರಡು ಟ್ರಿಪ್ಟೊಫಾನ್ ಮತ್ತು ಅಕ್ಕಪಕ್ಕದ ಅರ್ಜಿನಿನ್‌ಗಳು ಸೇರಿದ ಆರೇ ಅಕ್ಷರದ ಒಂದು ತಿರುಳು ಇದೆ. ಅದನ್ನಷ್ಟೇ ಕೈಯಿಂದ ತಯಾರಿಸಿ ಕೊಟ್ಟರೂ ಬ್ಯಾಕ್ಟೀರಿಯಾಗೆ ಕಷ್ಟವಾಗುತ್ತದೆ. 25ರಲ್ಲಿ 6 ಸಾಕು. ನರಿಯೊಳಗೆ ಮತ್ತೊಂದು ಮರಿ ನರಿ.

1998ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಈ ತುಂಡಿನ ಆಕಾರ ನೋಡಿದರು. ಇಡೀ ಪ್ರೋಟೀನ್‌ನಲ್ಲಿ ಇದ್ದಾಗ ಈ ಭಾಗದ ಬಹುಪಾಲು ಸ್ಪ್ರಿಂಗ್ ಥರ ಸುರುಳಿ ಸುತ್ತಿಕೊಂಡಿರುತ್ತದೆ. ಕತ್ತರಿಸಿ ನೀರಿಗೆ ಬಿಟ್ಟರೆ ಸುರುಳಿ ಬಿಚ್ಚಿಕೊಂಡು ತಲೆಪಿನ್ನಿನ ಹಾಗೆ ಮಡಚಿಕೊಳ್ಳುತ್ತದೆ. ಪಿನ್ನಿನ ಒಂದು ಮೈಯಲ್ಲಿ ಎಣ್ಣೆಯ ಅಕ್ಷರಗಳು, ಇನ್ನೊಂದು ಮೈಯಲ್ಲಿ ಪ್ಲಸ್ ಅಕ್ಷರಗಳು. ಅಂದರೆ ಕತ್ತರಿಸಿದಾಗ ಬಿಡುಗಡೆ ಆಗುವುದಷ್ಟೇ ಅಲ್ಲ, ರೂಪವೂ ಬದಲಾಗುತ್ತದೆ. ನನ್ನ ‘ಜನರಿಗೆ’ ಉದಾಹರಣೆ ಇಲ್ಲಿ ಸೋತಿತು ಅನ್ನಿ. ಅಲ್ಲಿ ನರಿ ಒಳಗೂ ನರಿಯೇ, ಹೊರಗೂ ನರಿಯೇ. ಇಲ್ಲಿ ಒಳಗಿದ್ದಾಗ ಬೇರೆ ವೇಷ.

ಈಗ ಕತ್ತರಿ ಬಿದ್ದ ಜಾಗ ನೋಡೋಣ. 16ನೇ ಅಕ್ಷರ ಟ್ರಿಪ್ಟೊಫಾನ್, 17ನೆಯದು ಫಿನೈಲ್‌ಅಲನಿನ್. ಪೆಪ್ಸಿನ್ ಇವೆರಡರ ನಡುವೆ ಕತ್ತರಿಸಿತು. ಆ ಕಡೆ 41ನೆಯದೂ ಫಿನೈಲ್‌ಅಲನಿನ್. ಅದರ ನಂತರ ಕತ್ತರಿಸಿತು. ಪೆಪ್ಸಿನ್‌ಗೆ ಇಂಥ ದಪ್ಪನೆಯ ಎಣ್ಣೆ ಅಕ್ಷರಗಳ ಪಕ್ಕ ಕತ್ತರಿಸುವುದೆಂದರೆ ಪ್ರೀತಿ. ಪ್ಲಸ್ ಅಕ್ಷರಗಳ ಗೋಜಿಗೆ ಅದು ಹೋಗುವುದಿಲ್ಲ. ಆದ್ದರಿಂದ ನರಿ ಇಡಿಯಾಗಿ ಹೊರಬಂತು.

ಈ ನರಿ ಹೊಟ್ಟೆ ದಾಟಿ ಸಣ್ಣ ಕರುಳಿಗೆ ಹೋಯಿತು ಅಂತ ಇಟ್ಟುಕೊಳ್ಳಿ. ಅಲ್ಲಿ ಟ್ರಿಪ್ಸಿನ್ ಕಾಯುತ್ತಿದೆ. ಟ್ರಿಪ್ಸಿನ್‌ಗೆ ಇಷ್ಟವಾದ ಜಾಗ ಯಾವುದು? ಅರ್ಜಿನಿನ್ ನಂತರ, ಲೈಸಿನ್ ನಂತರ. ಅಂದರೆ ಅದೇ ಎಂಟು ಪ್ಲಸ್ ಅಕ್ಷರಗಳು! ಬ್ಯಾಕ್ಟೀರಿಯಾ ಕೊಲ್ಲುವ ಹಲ್ಲುಗಳೇ ಟ್ರಿಪ್ಸಿನ್‌ಗೆ ಕತ್ತರಿ ಇಡುವ ಗುರುತು. ಒಂದು ಕತ್ತರಿ ನರಿಯನ್ನು ಬಿಡಿಸುತ್ತದೆ, ಇನ್ನೊಂದು ಅದನ್ನೇ ಸಿಗಿದು ಹಾಕುತ್ತದೆ. ಹಾಲಿನ ಪೆಪ್ಟೈಡ್ ಬಗ್ಗೆ ಯಾರಾದರೂ ಭಾರಿ ಮಾತಾಡಿದರೆ ನಾನು ಮೊದಲು ಕೇಳುವುದು ಇದನ್ನೇ. ಯಾವ ಕತ್ತರಿ? ಎಲ್ಲಿ? ಎಷ್ಟು ಹೊತ್ತು?

ಕತ್ತರಿ ಕೆಲಸ ಮಾಡುವುದಕ್ಕೂ ಷರತ್ತು ಇದೆ. ಇದನ್ನು ನಾನು ಸೋತು ಕಲಿತೆ. ಓದುವ ದಿನಗಳಲ್ಲಿ ಇದೇ ಪ್ರಯೋಗ ಮಾಡಲು ಹೋಗಿ ಮೂರು ವಾರ ಹಾಳು ಮಾಡಿದ್ದೆ. ಲ್ಯಾಕ್ಟೊಫೆರಿನ್ ಸರಿ ಇತ್ತು. ಪೆಪ್ಸಿನ್ ಹೊಸ ಬಾಟಲಿ. ಕಾವು 37 ಡಿಗ್ರಿ. ಏನೂ ಕತ್ತರಿಸಲಿಲ್ಲ. ಬಾಟಲಿ ಕೊಟ್ಟವರನ್ನು ಬೈದೆ. ಕೊನೆಗೆ ಗೊತ್ತಾಯಿತು, ಪೆಪ್ಸಿನ್ ಅನ್ನು ನಾನೇ ಪಿಎಚ್ 7 ಇದ್ದ, ಅಂದರೆ ಹುಳಿಯೇ ಇಲ್ಲದ ದ್ರಾವಣದಲ್ಲಿ ಕರಗಿಸಿ ಇಟ್ಟಿದ್ದೆ. ಪೆಪ್ಸಿನ್‌ಗೆ ಪಿಎಚ್ 2ರ ಹತ್ತಿರದ ಹುಳಿ ಬೇಕು. ಹುಳಿ ಇಲ್ಲದ ಕಡೆ ಅದು ಕೆಟ್ಟೇ ಹೋಗುತ್ತದೆ, ಆಮೇಲೆ ಹುಳಿ ಹಾಕಿದರೂ ಏಳುವುದಿಲ್ಲ. ಗೈಡ್ ಏನೂ ಬೈಯಲಿಲ್ಲ. ‘ನಿಂಬೆಹಣ್ಣು ತಗೊಂಡು ಬಾ’ ಅಂದರು ಅಷ್ಟೇ.

ಇದು ಮಕ್ಕಳ ವಿಷಯದಲ್ಲಿ ಮುಖ್ಯ. ಹುಟ್ಟಿದ ಕೂಸಿನ ಹೊಟ್ಟೆಯಲ್ಲಿ ನಮ್ಮಷ್ಟು ಹುಳಿ ಇರುವುದಿಲ್ಲ. ಹಾಲು ಕುಡಿದ ಮೇಲಂತೂ ಇನ್ನೂ ಕಮ್ಮಿ. ಹಾಗಾದರೆ ಪೆಪ್ಸಿನ್ ಕೆಲಸ ಅರೆಬರೆ. ದೊಡ್ಡವರ ಹೊಟ್ಟೆಯ ಲೆಕ್ಕವನ್ನು ಕೂಸಿಗೆ ಹಚ್ಚಲು ಬರುವುದಿಲ್ಲ. ಆದರೆ ತಾಯಿ ಹಾಲು ತನ್ನ ಕತ್ತರಿಯನ್ನು ತಾನೇ ತಂದಿರುತ್ತದೆ. ಪ್ಲಾಸ್ಮಿನ್ ಎಂಬ ಕಿಣ್ವ ಹಾಲಿನಲ್ಲೇ ಇರುತ್ತದೆ. 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ತಾಯಿ ಹಾಲನ್ನು ಮಗು ಕುಡಿಯುವ ಮೊದಲೇ ಪರೀಕ್ಷಿಸಿದರು. ಅದರಲ್ಲಿ 300ಕ್ಕೂ ಹೆಚ್ಚು ಪೆಪ್ಟೈಡ್‌ಗಳು ಆಗಲೇ ತಯಾರಾಗಿದ್ದವು. ಬಹುಪಾಲು ಬೀಟಾ ಕೇಸಿನ್‌ನ ತುಂಡುಗಳು. ಆ ತುಂಡುಗಳನ್ನು ಒಟ್ಟು ಮಾಡಿ ಈ-ಕೋಲೈ ಮತ್ತು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾಗಳ ಮೇಲೆ ಹಾಕಿದರೆ ಅವುಗಳ ಬೆಳವಣಿಗೆ ತಗ್ಗಿತು.

ದೊಡ್ಡವರ ಹೊಟ್ಟೆಯಲ್ಲಿ ನಿಜವಾಗಿ ಲ್ಯಾಕ್ಟೊಫೆರಿಸಿನ್ ಹುಟ್ಟುತ್ತದೆಯೇ? 1998ರಲ್ಲಿ ಜಪಾನಿನವರು ನೋಡಿದರು. ಒಬ್ಬ ವಯಸ್ಕರಿಗೆ ಲ್ಯಾಕ್ಟೊಫೆರಿನ್ ಕರಗಿಸಿದ 200 ಮಿಲಿ ಲೀಟರ್ ದ್ರಾವಣ ಕುಡಿಸಿ, 10 ನಿಮಿಷದ ಮೇಲೆ ಹೊಟ್ಟೆಯಲ್ಲಿದ್ದುದನ್ನು ಹೊರತೆಗೆದರು. ಮಿಲಿ ಲೀಟರಿಗೆ ಸುಮಾರು 17 ಮೈಕ್ರೊಗ್ರಾಂ ಲ್ಯಾಕ್ಟೊಫೆರಿಸಿನ್ ಸಿಕ್ಕಿತು. ಕೆಲವು ಬ್ಯಾಕ್ಟೀರಿಯಾಗಳಿಗೆ ಅಷ್ಟು ಸಾಕು. ಆದರೆ ಕುಡಿಸಿದ ಲ್ಯಾಕ್ಟೊಫೆರಿನ್ ಎಷ್ಟು ಗೊತ್ತೇ? 2 ಗ್ರಾಂ. ಹಸುವಿನ ಹಾಲಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ 20 ಲೀಟರ್. ಬೆಳಿಗ್ಗೆ ಒಂದು ಲೋಟ ಹಾಲು ಕುಡಿದು ಹೊಟ್ಟೆಯಲ್ಲಿ ಯುದ್ಧ ನಡೆಯುತ್ತಿದೆ ಅಂತ ಕಲ್ಪಿಸಿಕೊಳ್ಳಬೇಡಿ.

ಕೇಸಿನ್ ಕಡೆಗೂ ಒಂದು ಸುತ್ತು ಹೋಗಿ ಬರೋಣ. ಹಸುವಿನ ಹಾಲಿನ ಪ್ರೋಟೀನ್‌ನಲ್ಲಿ ಶೇ. 80 ಕೇಸಿನ್. ಲ್ಯಾಕ್ಟೊಫೆರಿನ್ ಚಿಟಿಕೆ, ಕೇಸಿನ್ ಬುಟ್ಟಿ.

1974ರಲ್ಲಿ ಇಸ್ರೇಲಿನಲ್ಲಿ ಕೈಮೋಸಿನ್ ಆಲ್ಫಾ-ಎಸ್1 ಕೇಸಿನ್ ಅನ್ನು ಎಲ್ಲಿ ಕತ್ತರಿಸುತ್ತದೆ ಎಂದು ನೋಡಿದರು. ಮೊದಲ 23 ಅಕ್ಷರ ಬೇರೆಯಾಗುತ್ತದೆ. ಆ ತುಂಡಿಗೆ ಇಸ್ರಾಸಿಡಿನ್ ಎಂದು ಹೆಸರು ಬಂತು. ದೇಶದ ಹೆಸರನ್ನೇ ಇಟ್ಟುಬಿಟ್ಟರು. ಇದರ ನಡತೆ ವಿಚಿತ್ರ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಮೇಲೆ ಹಾಕಿದರೆ ಅಷ್ಟೇನೂ ಜೋರಿಲ್ಲ, ತುಂಬ ಸುರಿಯಬೇಕು. ಆದರೆ ಇಲಿಗಳಿಗೆ ಚುಚ್ಚಿದಾಗ ಸ್ಟ್ಯಾಫಿಲೊಕಾಕಸ್ ಸೋಂಕಿನಿಂದ ಅವು ಉಳಿದವು. ಕುರಿ, ಹಸುಗಳ ಕೆಚ್ಚಲು ಬಾವಿನ ಮೇಲೂ ಪ್ರಯೋಗ ಮಾಡಿದರು, ಗುಣ ಕಾಣಿಸಿತು. ತಟ್ಟೆಯಲ್ಲಿ ಸಪ್ಪೆ, ಮೈಯಲ್ಲಿ ಚುರುಕು. ಹಾಗಾದರೆ ಅದು ಬ್ಯಾಕ್ಟೀರಿಯಾಗೆ ತಾನೇ ಹೊಡೆಯುವುದಕ್ಕಿಂತ ಮೈಯ ಕಾವಲು ಪಡೆಯನ್ನು ಎಬ್ಬಿಸುತ್ತಿರಬೇಕು ಅನ್ನಿಸುತ್ತದೆ, ಅಲ್ವಾ?

ಚೀಸ್ ತಿನ್ನುವವರಿಗೆ ಒಂದು ಮಾತು. ಕೈಮೋಸಿನ್ ಹಾಕಿದ ಚೆಡ್ಡಾರ್ ಚೀಸ್ ಮಾಗುವಾಗ ಈ 23 ಅಕ್ಷರದ ತುಂಡು ಬೇಗನೇ ಹುಟ್ಟುತ್ತದೆ. ಅಲ್ಲೇ ಇರುವ ಲ್ಯಾಕ್ಟೊಕಾಕಸ್ ಬ್ಯಾಕ್ಟೀರಿಯಾಗಳು ತಮ್ಮ ಕತ್ತರಿಯಿಂದ ಅದನ್ನು ಇನ್ನೂ ಚಿಕ್ಕದಾಗಿ ಕೊಚ್ಚಿಬಿಡುತ್ತವೆ. ಮತ್ತೆ ಅದೇ ಕಥೆ. ಹುಟ್ಟಿಸುವ ಕತ್ತರಿ ಒಂದು, ಮುಗಿಸುವ ಕತ್ತರಿ ಇನ್ನೊಂದು. ನಮ್ಮ ಪನೀರ್‌ನಲ್ಲಿ ಈ ರಗಳೆ ಇಲ್ಲ. ನಿಂಬೆ ಹುಳಿಯಿಂದ ಒಡೆದ ಹಾಲಿನಲ್ಲಿ ಪ್ರೋಟೀನ್ ಮುದ್ದೆಯಾಗುತ್ತದೆ, ಕತ್ತರಿಸಿಕೊಳ್ಳುವುದಿಲ್ಲ.

1995ರಲ್ಲಿ ಜರ್ಮನಿಯಲ್ಲಿ ಆಲ್ಫಾ-ಎಸ್2 ಕೇಸಿನ್‌ನ ಒಂದು ತುಂಡು ಸಿಕ್ಕಿತು, ಕ್ಯಾಸೊಸಿಡಿನ್. 39 ಅಕ್ಷರ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಅದೇ ಪ್ರೋಟೀನ್‌ನಿಂದ ಮತ್ತೆರಡು. ಇವೆಲ್ಲ ಪ್ಲಸ್ ಅಕ್ಷರದ ಜಾತಿಯವು, ಬಿಡಿ.

ಜಾತಿ ಕೆಡಿಸಿದ್ದು ಕ್ಯಾಪ್ಪಾಸಿನ್. 2001ರಲ್ಲಿ ಮೆಲ್ಬರ್ನ್‌ನಲ್ಲಿ ಸಿಕ್ಕಿದ್ದು. ಕೈಮೋಸಿನ್ ಕಪ್ಪಾ ಕೇಸಿನ್ ಅನ್ನು 105 ಮತ್ತು 106ನೇ ಅಕ್ಷರದ ನಡುವೆ ಕತ್ತರಿಸುತ್ತದೆ. ಹಾಲು ಒಡೆಯುವುದೇ ಆ ಒಂದು ಕತ್ತರಿಯಿಂದ. ಮೊದಲ ಭಾಗ ಗಟ್ಟಿಯಲ್ಲಿ ಉಳಿಯುತ್ತದೆ. ಕೊನೆಯ 64 ಅಕ್ಷರ ನೀರಿನ ಜೊತೆ ಹರಿದು ಹೋಗುತ್ತದೆ. ಚೀಸ್ ಫ್ಯಾಕ್ಟರಿಗಳು ಬಹಳ ಕಾಲ ಮೋರಿಗೆ ಬಿಡುತ್ತಿದ್ದದ್ದು ಆ ನೀರನ್ನೇ. ಅದರೊಳಗಿನ ಈ ತುಂಡಿನ ಒಂದು ರೂಪವೇ ಕ್ಯಾಪ್ಪಾಸಿನ್. ಅದು ಹಲ್ಲು ಹುಳುಕಾಗಿಸುವ ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್ ಬೆಳೆಯದಂತೆ ತಡೆಯುತ್ತದೆ. ವಿಚಿತ್ರ ಏನೆಂದರೆ ಇದು ಪ್ಲಸ್ ಅಲ್ಲ, ಮೈನಸ್! ಪ್ಲಸ್ ಇದ್ದರೆ ಮಾತ್ರ ಆಯುಧ ಎಂದು ನಾನು ಈಗಷ್ಟೇ ಹೇಳಿದ ಪಾಠಕ್ಕೆ ಇದು ಸರಿಹೊಂದುವುದಿಲ್ಲ. ಸರಿಹೊಂದದ್ದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ, ಹಾಗಾಗಿ ಹೇಳಿದೆ.

ಇಷ್ಟೆಲ್ಲ ಇದ್ದ ಮೇಲೆ ಆಸ್ಪತ್ರೆಯಲ್ಲಿ ಏನಾಯಿತು? ಇದನ್ನು ಹೇಳದೆ ಮುಗಿಸಿದರೆ ನಾನು ಲ್ಯಾಕ್ಟೊಫೆರಿನ್ ಮಾರಲು ಬಂದವನ ಹಾಗೆ ಆಗುತ್ತದೆ.

2009ರಲ್ಲಿ ಇಟಲಿಯಲ್ಲಿ, ಒಂದೂವರೆ ಕಿಲೋಗಿಂತ ಕಮ್ಮಿ ತೂಕದ 472 ಕೂಸುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಒಂದು ಗುಂಪಿಗೆ ದಿನಕ್ಕೆ 100 ಮಿಲಿಗ್ರಾಂ ಹಸುವಿನ ಲ್ಯಾಕ್ಟೊಫೆರಿನ್ ಕೊಟ್ಟಿದ್ದರು. ಅದರಲ್ಲಿ ಶೇ. 5.9 ಕೂಸುಗಳಿಗೆ ರಕ್ತದ ಸೋಂಕು ತಗುಲಿತು. ಬರೀ ತೋರಿಕೆಯ ಮದ್ದು ಕೊಟ್ಟ ಗುಂಪಿನಲ್ಲಿ ಶೇ. 17.3. ಅಬ್ಬಾ ಅನ್ನಿಸುವ ಅಂತರ. ಎಲ್ಲರೂ ಹುರುಪಾದರು. ನಾನೂ ಆಗಿದ್ದೆ.

ಆಮೇಲೆ ಬ್ರಿಟನ್ನಿನಲ್ಲಿ 32 ವಾರ ತುಂಬುವ ಮೊದಲೇ ಹುಟ್ಟಿದ 2,200ರಷ್ಟು ಕೂಸುಗಳ ಮೇಲೆ ದೊಡ್ಡ ಪರೀಕ್ಷೆ ಮಾಡಿದರು. 2019ರಲ್ಲಿ ಫಲಿತಾಂಶ ಬಂತು. ಲ್ಯಾಕ್ಟೊಫೆರಿನ್ ಕೊಟ್ಟವರಲ್ಲಿ ಶೇ. 29ರಷ್ಟು ಮಕ್ಕಳಿಗೆ ಸೋಂಕು. ಕೊಡದವರಲ್ಲಿ ಶೇ. 31. ವ್ಯತ್ಯಾಸ ಇಲ್ಲ ಅಂತಲೇ ಅರ್ಥ.

ತಟ್ಟೆಯಲ್ಲಿ ಇಷ್ಟು ಚೆಂದ ಕೊಲ್ಲುವ ವಸ್ತು ಮೈಯಲ್ಲಿ ಯಾಕೆ ಸೋಲುತ್ತದೆ? ಒಂದು ಕಾರಣ ಆಗಲೇ ಹೇಳಿದೆ. ಕೂಸಿನ ಹೊಟ್ಟೆಯಲ್ಲಿ ಹುಳಿ ಸಾಲದು, ನರಿ ಹೊರಬರುತ್ತದೆ ಎನ್ನುವ ಖಾತರಿ ಇಲ್ಲ. ಬಂದರೂ ಟ್ರಿಪ್ಸಿನ್ ಇದೆ. ಇನ್ನೊಂದು ಕಾರಣ ಉಪ್ಪು. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೂ ಪ್ಲಸ್. ಬ್ಯಾಕ್ಟೀರಿಯಾದ ಮೈನಸ್ ಮೈಮೇಲೆ ಇವು ಮೊದಲೇ ಸೀಟು ಹಿಡಿದಿರುತ್ತವೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ. ಪ್ರಯೋಗಾಲಯದಲ್ಲಿ ಉಪ್ಪು ಕಮ್ಮಿ ಇರುವ ನೀರಿನಲ್ಲಿ ಪರೀಕ್ಷೆ ಮಾಡಿದರೆ ಪೆಪ್ಟೈಡ್‌ಗೆ ಖಾಲಿ ಬಸ್ಸು ಸಿಕ್ಕಿದಂತೆ. ನಮ್ಮ ಹೊಟ್ಟೆ, ಕರುಳು, ರಕ್ತ ಯಾವಾಗಲೂ ತುಂಬಿದ ಬಸ್ಸು.

ಹಾಗಂತ ಕೈ ತೊಳೆದುಕೊಂಡಿಲ್ಲ. ಟ್ರಿಪ್ಸಿನ್‌ಗೆ ಗುರುತು ಸಿಗದ ಹಾಗೆ ಅಕ್ಷರಗಳ ಕನ್ನಡಿ ರೂಪ ಬಳಸುವುದು, ತುಂಡಿನ ಎರಡು ತುದಿ ಸೇರಿಸಿ ಬಳೆಯ ಹಾಗೆ ಮಾಡುವುದು, ಇಂಥ ಕೆಲಸ ನಡೆದಿದೆ. ನುಂಗುವ ಬದಲು ಮೇಲೆ ಹಚ್ಚುವ ಕಡೆಗೆ ನನ್ನ ಒಲವು. ಗಾಯ, ಬಾಯಿ, ಕೆಚ್ಚಲು. ಅಲ್ಲಿ ಟ್ರಿಪ್ಸಿನ್ ಕಾಟ ಕಮ್ಮಿ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಸಾರ್, ಮೊಸರು ಬೇಗ ಕೆಡಲ್ಲ. ಅದು ಈ ಪೆಪ್ಟೈಡ್‌ನಿಂದಲೇ ಇರಬೇಕಲ್ಲ?’

ಇಲ್ಲ. ಮೊಸರಿನ ಕಾವಲುಗಾರ ಹುಳಿ, ಅಂದರೆ ಲ್ಯಾಕ್ಟಿಕ್ ಆಮ್ಲ. ಹೆಪ್ಪಿನ ಬ್ಯಾಕ್ಟೀರಿಯಾಗಳ ಹತ್ತಿರವೂ ಕತ್ತರಿ ಇದೆ, ಅವೂ ಕೇಸಿನ್ ಕತ್ತರಿಸುತ್ತವೆ. ಆದರೆ ಅವು ಕತ್ತರಿಸುವುದು ತಮ್ಮ ಊಟಕ್ಕೆ. ಅದರಲ್ಲಿ ಕೆಲವು ಬ್ಯಾಕ್ಟೀರಿಯಾ ವಿರೋಧಿ ತುಂಡುಗಳು ಸಿಕ್ಕಿವೆ, ನಿಜ. ಆದರೆ ಹುಳಿ ಮಾಡುವ ಕೆಲಸದ ಮುಂದೆ ಅವು ಲೆಕ್ಕಕ್ಕೆ ಬರುವುದು ಕಷ್ಟ. ನೈಸಿನ್ ಎಂಬ ಹೆಸರು ಕೇಳಿದವರು ಇರಬಹುದು. ಅದು ಬ್ಯಾಕ್ಟೀರಿಯಾ ತಾನೇ ತಯಾರಿಸುವ 34 ಅಕ್ಷರದ ಪೆಪ್ಟೈಡ್. ಹಾಲಿನ ಪ್ರೋಟೀನ್ ಕತ್ತರಿಸಿ ಬಂದದ್ದಲ್ಲ. ಎರಡನ್ನೂ ಒಂದೇ ಪುಟ್ಟಿಗೆ ಹಾಕಬೇಡಿ.

ಹಸು ಸಾಕಿರುವ ಯುವಕರೊಬ್ಬರು ಕೇಳಿದರು: ‘ಕೆಚ್ಚಲು ಬಾವಿಗೆ ಈ ಇಸ್ರಾಸಿಡಿನ್ ಎಲ್ಲಿ ಸಿಗುತ್ತೆ?’

ಅಂಗಡಿಯಲ್ಲಿ ಹುಡುಕಬೇಡಿ. ಪಶುವೈದ್ಯರು ಹೇಳಿದ ಮದ್ದನ್ನೇ ಹಾಕಿ. ಆಂಟಿಬಯಾಟಿಕ್ ಹಾಕಿದ ಮೇಲೆ ಅವರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ. ಈ ದಿನಗಳ ನಷ್ಟವೇ ಅಲ್ಲವೇ ನಿಮಗೆ ನೋವು? ಹಾಲಿನಿಂದಲೇ ಬಂದ ತುಂಡು ಮದ್ದಾದರೆ ಹಾಲಿನಲ್ಲಿ ಉಳಿಕೆಯ ತಲೆನೋವು ತಪ್ಪುತ್ತದೆ. ಸಂಶೋಧಕರಿಗೆ ಇದರ ಮೇಲೆ ಕಣ್ಣು ಬಿದ್ದದ್ದು ಆ ಆಸೆಯಿಂದಲೂ ಹೌದು.

‘ಲ್ಯಾಕ್ಟೊಫೆರಿನ್ ಯಾಕೆ ಅಷ್ಟು ದುಬಾರಿ?’ ಎಂದು ಇನ್ನೊಬ್ಬರು.

ಗುಣಾಕಾರ ಮಾಡಿ. ಲೀಟರಿಗೆ 100 ಮಿಲಿಗ್ರಾಂ. 1 ಕಿಲೋ ಬೇಕಾದರೆ ಒಂದು ಚೂರೂ ನಷ್ಟವಾಗದೆ ತೆಗೆದರೂ 10,000 ಲೀಟರ್ ಹಾಲು. ಬೇರ್ಪಡಿಸುವುದಕ್ಕೆ ಮಾತ್ರ ಒಂದು ಅನುಕೂಲ ಇದೆ. ಹಾಲಿನಲ್ಲಿ ಹೆಚ್ಚಿನ ಪ್ರೋಟೀನ್‌ಗಳು ಮೈನಸ್. ಲ್ಯಾಕ್ಟೊಫೆರಿನ್ ಪ್ಲಸ್. ಮೈನಸ್ ಹರಳು ತುಂಬಿದ ಕೊಳವೆಯಲ್ಲಿ ಹಾಲನ್ನು ಹರಿಸಿದರೆ ಉಳಿದವು ಹರಿದು ಹೋಗುತ್ತವೆ, ಇದು ಅಂಟಿಕೊಳ್ಳುತ್ತದೆ. ಆಮೇಲೆ ಉಪ್ಪುನೀರು ಬಿಟ್ಟು ಬಿಡಿಸಿಕೊಳ್ಳುತ್ತಾರೆ. ಬಸ್ಸಿನ ಸೀಟಿನ ಕಥೆಯೇ, ಇಲ್ಲಿ ನಮಗೆ ಲಾಭ.

ಕೊನೆಗೆ ಒಬ್ಬ ಅಮ್ಮ ಎದ್ದು ನಿಂತರು. ‘ನಮ್ಮನೇಲಿ ಹಸು ಕರು ಹಾಕಿದರೆ ಗಿಣ್ಣು ಮಾಡ್ತೀವಿ. ಗಿಣ್ಣುಹಾಲಲ್ಲಿ ಇದೆಲ್ಲ ಜಾಸ್ತಿ ಅಂದ್ರಿ. ಹಬೆಯಲ್ಲಿ ಬೇಯಿಸಿದರೆ ಎಲ್ಲ ಹೋಗಿಬಿಡುತ್ತಾ?’

ಆ ಸಂಜೆ ಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. ಬೇಯಿಸಿದರೆ ಪ್ರೋಟೀನ್‌ನ ಮಡಿಕೆ ಬಿಚ್ಚಿಹೋಗುತ್ತದೆ. ಕರುವನ್ನು ರೋಗದಿಂದ ಕಾಯುವ ಪ್ರತಿಕಾಯಗಳು ಕೆಡುತ್ತವೆ. ಲ್ಯಾಕ್ಟೊಫೆರಿನ್ ಕಬ್ಬಿಣ ಹಿಡಿಯುವ ಕೈಗಳೂ ಹಾಳು. ಆದರೆ ಅಕ್ಷರಗಳ ಸಾಲು ಬೇಯಿಸಿದರೂ ಅಷ್ಟು ಸುಲಭವಾಗಿ ಕಡಿಯುವುದಿಲ್ಲ. ಕಾಗದ ಮುದ್ದೆಯಾದರೂ ಅದರ ಮೇಲೆ ಬರೆದ ‘ಜನರಿಗೆ’ ಅಳಿಸುವುದಿಲ್ಲ. ಹಾಗಾಗಿ ಬೆಂದ ಲ್ಯಾಕ್ಟೊಫೆರಿನ್‌ನ ಒಳಗೂ ನರಿ ಇದ್ದೇ ಇರುತ್ತದೆ. ಜಪಾನಿನ ಅದೇ ಬಳಗದವರು ಹುಳಿ ದ್ರಾವಣದಲ್ಲಿ ಲ್ಯಾಕ್ಟೊಫೆರಿನ್ ಅನ್ನು 120 ಡಿಗ್ರಿವರೆಗೆ ಕಾಯಿಸಿ ನೋಡಿದ್ದಾರೆ. ಕಿಣ್ವವೇ ಇಲ್ಲದೆ, ಬರೀ ಹುಳಿ ಮತ್ತು ಕಾವಿನಿಂದ ಅದು ತುಂಡಾಯಿತು. ಆ ತುಂಡುಗಳು ಇಡಿಯಾದುದಕ್ಕಿಂತ ಜೋರಾಗಿ ಕೆಲಸ ಮಾಡಿದವು. ಆದರೆ ಗಿಣ್ಣಿಗೆ ನಾವು ಹಾಕುವುದು ಬೆಲ್ಲ, ಹುಳಿ ಅಲ್ಲ. ಹಬೆ 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ನಿಮ್ಮ ಪಾತ್ರೆಯಲ್ಲಿ ಅದೇ ಆಗುತ್ತದೆ ಅಂತ ನಾನು ಹೇಳಲಾರೆ.

‘ಹಂಗಾದ್ರೆ ಗಿಣ್ಣು ಮದ್ದಲ್ಲ ಅಂತೀರಾ?’

ತಿಂಡಿ ಅಮ್ಮ, ತಿಂಡಿ. ಒಳ್ಳೆಯ ತಿಂಡಿ. ಆದರೆ ಮೊದಲ ಹಾಲು ಕರುವಿಗೆ ಬಿಡಿ, ಹುಟ್ಟಿದ ಕೆಲವೇ ಗಂಟೆಯೊಳಗೆ. ಅದರ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದು ಮೊದಲ ಒಂದು ದಿನ ಮಾತ್ರ. ಮನೆಯಲ್ಲಿ ಹೆರಿಗೆಯಾದ ಸೊಸೆ, ಮಗಳು ಇದ್ದರೆ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಲು ಯಾರಿಗೂ ಬಿಡಬೇಡಿ.

‘ಕರು ಕುಡಿದು ಮಿಕ್ಕಿದ್ದು?’

ಮಿಕ್ಕಿದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ. ನನಗೂ ಒಂದು ತಟ್ಟೆ ಕಳಿಸಿ.